ಶೈಕ್ಷಣಿಕ ಆಟಗಳ ಮೂಲಕ ಮಗುವಿನ ಕಲಿಕೆಯನ್ನು ಅರಿಯುವುದು

ಗಣಕಯಂತ್ರದ ಶೈಕ್ಷಣಿಕ ಆಟಗಳು ಮಗುವಿನ ಉತ್ತರ, ತೆಗೆದುಕೊಂಡ ಸಮಯ ಹಾಗೂ ಕೇಳಿದ ಸುಳಿವುಗಳನ್ನು ದಾಖಲಿಸಬಲ್ಲವು. 52ರಿಂದ 27ನ್ನು ಕಳೆದು 35 ಎಂದು ಉತ್ತರಿಸಿದ ಮಗುವಿಗೆ ವ್ಯವಕಲನವೇ ಬಾರದೆಂದು ಭಾವಿಸತಕ್ಕದ್ದಲ್ಲ. ಬಿಡಿಸ್ಥಾನದಲ್ಲಿ ಅದು 7ರಿಂದ 2ನ್ನು ಕಳೆದಿರುತ್ತದೆ. ಇದೇ ಬಗೆಯ ತಪ್ಪು ಮರುಕಳಿಸಿದಲ್ಲಿ, ಹತ್ತರ ಸ್ಥಾನದಿಂದ ಎರವಲು ಪಡೆಯುವ ಕ್ರಮವನ್ನು ಮತ್ತೆ ಕಲಿಸಬೇಕಾಗುತ್ತದೆ.

ಕಾರ್ಬೆಟ್ ಮತ್ತು ಆಂಡರ್ಸನ್ 1995ರಲ್ಲಿ ಪ್ರಕಟಿಸಿದ ವಿಧಾನವು, ಊಹೆಯಿಂದ ಬಂದ ಸರಿಯುತ್ತರ ಹಾಗೂ ತಿಳಿದಿದ್ದೂ ಆದ ತಪ್ಪು ಇವೆರಡನ್ನೂ ಪರಿಗಣಿಸಿ, ಮಗು ಪ್ರತಿಯೊಂದು ಕೌಶಲವನ್ನು ಅರಿತಿರುವ ಸಂಭವನೀಯತೆಯನ್ನು ಲೆಕ್ಕಹಾಕುತ್ತದೆ. ಇದು ಅಂದಾಜು ಮಾತ್ರ. ಅಕ್ಕ, ತಮ್ಮ ಇಬ್ಬರೂ ಒಂದೇ ಹೆಸರಿನಲ್ಲಿ ಆಡಿದರೆ (ಮನೆಯಲ್ಲಿ ಒಂದೇ ಮೊಬೈಲ್ ಇದ್ದಾಗ ಇದು ಸಹಜ) ಆ ಅಂದಾಜೂ ಕೆಡುತ್ತದೆ. ಆದುದರಿಂದ ಪೋಷಕರು ಪ್ರತಿ ಮಗುವನ್ನೂ ಪ್ರತ್ಯೇಕವಾಗಿ ನೋಂದಾಯಿಸುವುದು ಹಾಗೂ ಸಮ್ಮತಿ ನೀಡುವ ಮುನ್ನ ಯಾವ ವಿವರಗಳು ಸಂಗ್ರಹವಾಗುತ್ತವೆ ಎಂಬುದನ್ನು ಓದಿಕೊಳ್ಳುವುದು.