ತದಡಿ ಅಳಿವೆಯ ಚಿಪ್ಪಿನ ನಿಕ್ಷೇಪ: ಶೋಧ, ಕಾನೂನು, ಗಣಿಗಾರಿಕೆ

ಕರ್ನಾಟಕದ ಖನಿಜ ಶೋಧದ ಚರಿತ್ರೆಯನ್ನು ಸಾಮಾನ್ಯವಾಗಿ ಕೋಲಾರದಿಂದ ಆರಂಭಿಸುತ್ತಾರೆ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಅಲ್ಲಿಗೆ ಬಂದಾಗ ಊರವರು ಆಗಲೇ ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದರು. 1870ರ ದಶಕದಲ್ಲಿ ಮೈಕೆಲ್ ಲಾವೆಲ್ ಗಣಿ ಹಕ್ಕು ಪಡೆದ, 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ದಾಖಲೆಯಲ್ಲಿ ಉಳಿದದ್ದು ಪರವಾನಗಿ ಹಿಡಿದವರ ಹೆಸರು. ತೋರಿಸಿಕೊಟ್ಟವರ ಹೆಸರು ಉಳಿಯಲಿಲ್ಲ.

ಕುಮಟಾ ತಾಲ್ಲೂಕಿನ ತದಡಿಯಲ್ಲಿ ವಾರನ್‌ನಂಥ ಒಬ್ಬನನ್ನು ಹುಡುಕಬೇಕಾಗಿಯೂ ಇಲ್ಲ. ಅಘನಾಶಿನಿ ನದಿ ಸಮುದ್ರ ಸೇರುವ ಈ ಅಳಿವೆಯಲ್ಲಿ ನಿಕ್ಷೇಪ ಎಲ್ಲಿದೆಯೆಂದು ತಿಳಿದಿರುವುದು ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರಿಗಿಳಿದು ಬಳಚು ಎಂಬ ಕಪ್ಪೆಚಿಪ್ಪು ಹೆಕ್ಕುವವರಿಗೆ. ಎಲ್ಲಿ ಮರಳು, ಎಲ್ಲಿ ಕೆಸರು, ಎಲ್ಲಿ ಹಳೆಯ ಚಿಪ್ಪಿನ ಪದರ ಎಂಬುದನ್ನು ಅವರು ಅಂಗಾಲಿನಿಂದಲೇ ಅರಿಯುತ್ತಾರೆ. ಇದನ್ನು ಶೋಧವೆಂದೇ ಕರೆಯಬೇಕು ಎಂಬುದು ನನ್ನ ವಾದ.

ಚಿಪ್ಪೆಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ, ಶುದ್ಧವಾದ 100 ಕಿಲೋದಿಂದ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಕರಾವಳಿಯ ಮನೆಗಳ ಗೋಡೆಗೂ ಎಲೆಯಡಿಕೆಗೂ ಬೇಕಾದ ಸುಣ್ಣ ಹೀಗೆಯೇ ಬಂದದ್ದು. ಕಾನೂನು ಮಾತ್ರ ಈ ವಸ್ತುವನ್ನು ಅದರ ಗುಣದಿಂದ ಗುರುತಿಸುವುದಿಲ್ಲ, ಅದು ಹೋಗುವ ದಾರಿಯಿಂದ ಗುರುತಿಸುತ್ತದೆ. 1957ರ ಗಣಿ ಮತ್ತು ಖನಿಜ ಕಾಯ್ದೆಯಡಿಯ ಅಧಿಸೂಚನೆಯ ಪ್ರಕಾರ, ಕಟ್ಟಡದ ಸುಣ್ಣಕ್ಕಾಗಿ ಭಟ್ಟಿಗೆ ಹೋದರೆ ಚಿಪ್ಪು ಉಪಖನಿಜ. ಅದೇ ಚಿಪ್ಪು ಕಾರ್ಖಾನೆಗೆ ಹೋದರೆ ಆ ವರ್ಗದಿಂದ ಹೊರಗೆ. ಚಿಪ್ಪಿನೊಳಗೆ ಜೀವ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಈ ವರ್ಗೀಕರಣದಲ್ಲಿ ಏಳುವುದೇ ಇಲ್ಲ.

ತೊಡಕು ಇರುವುದು ಅಲ್ಲಿಯೇ. ಸತ್ತ ಚಿಪ್ಪಿನ ರಾಶಿ ಅಳಿವೆಯಲ್ಲಿ ಸುಮ್ಮನೆ ಬಿದ್ದಿರುವ ಸರಕಲ್ಲ. ಸಿಂಪಿಯ ಮರಿಗಳು ಕೆಲ ವಾರ ನೀರಿನಲ್ಲಿ ತೇಲಿ, ಆಮೇಲೆ ಗಟ್ಟಿ ನೆಲೆ ಹುಡುಕಿ ಅಂಟಿಕೊಳ್ಳುತ್ತವೆ. ಕೆಸರಿನ ತಳದಲ್ಲಿ ಆ ನೆಲೆ ಹಳೆಯ ಚಿಪ್ಪೇ. ಆಳಕ್ಕೆ ತೋಡಿದರೆ ನೆಲೆ ಹೋಗುತ್ತದೆ, ಕೆಸರು ಕದಡಿ ಮರಳಲ್ಲಿ ಹುದುಗಿರುವ ಬಳಚಿನ ಉಸಿರೂ ಕಟ್ಟುತ್ತದೆ. ಕೋಲಾರದಲ್ಲಿ ಅದಿರು ತೆಗೆದಷ್ಟು ಕಡಿಮೆಯಾಯಿತು, ಲೆಕ್ಕ ಅಷ್ಟೆ. ಇಲ್ಲಿ ನಿಕ್ಷೇಪ ತೆಗೆದರೆ ನಿಕ್ಷೇಪ ಹುಟ್ಟಿಸುವ ವ್ಯವಸ್ಥೆಯೂ ಹೋಗುತ್ತದೆ.

ಈ ವ್ಯವಸ್ಥೆಯ ಬೆಲೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಅವರ ಸಂಗಡಿಗರು ಅಂದಾಜು ಮಾಡಿದರು: ವರ್ಷಕ್ಕೆ ಸುಮಾರು 22 ಸಾವಿರ ಟನ್ ಬಳಚು–ಸಿಂಪಿ, 2,300ಕ್ಕೂ ಹೆಚ್ಚು ಜನರಿಗೆ ನೇರ ದುಡಿಮೆ, 5.7 ಕೋಟಿ ರೂಪಾಯಿಗೂ ಮಿಕ್ಕ ಮೌಲ್ಯ. ಇದರಲ್ಲಿ ಹೆಂಗಸರ ಪಾಲು ದೊಡ್ಡದು. ಬಂಡವಾಳವಿಲ್ಲದೆ, ಬುಟ್ಟಿಯೊಂದನ್ನೇ ಹಿಡಿದು ಹೋಗಿ ಅಂದಿನ ಅಡುಗೆಯನ್ನೂ ಅಂದಿನ ಕಾಸನ್ನೂ ತರಬಹುದಾದ ಕಸುಬುಗಳು ಈ ಕರಾವಳಿಯಲ್ಲಿ ಹೆಚ್ಚು ಉಳಿದಿಲ್ಲ.

ತದಡಿಗೆ 4,000 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಯೋಜನೆ ಬಂದಾಗ ಜನ ವಿರೋಧಿಸಿದರು, ಅದು ನಿಂತಿತು. ವಾಣಿಜ್ಯ ಬಂದರಿನ ಪ್ರಸ್ತಾವ ಬಂದಾಗಲೂ ಬಳಚಿನ ಮಾತೇ ಮುಂದೆ ಬಂತು. 2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ರಾಮ್ಸರ್ ಒಪ್ಪಂದ ಜೌಗುಪ್ರದೇಶದ ವಿವೇಕಯುತ ಬಳಕೆಯನ್ನು ಒಪ್ಪುತ್ತದೆ. ಹಾಗಾಗಿ ಕೈಯಿಂದ ಹೆಕ್ಕುವ ಕಸುಬನ್ನೂ ಯಂತ್ರದಿಂದ ತೋಡುವ ಗಣಿಯನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಇಲ್ಲಿ ಚಿಪ್ಪಿನ ಗುತ್ತಿಗೆಯ ಅರ್ಜಿ ಬಂದರೆ ಸಮೀಕ್ಷೆ ಬರೀ ಟನ್ನು, ಆಳಗಳ ಲೆಕ್ಕಕ್ಕೆ ನಿಲ್ಲಬಾರದು. ಜೀವಂತ ಬಳಚಿನ ಹಾಸು ಯಾವುದು, ಮರಿ ಕೂರುವ ಜಾಗ ಯಾವುದು ಎಂಬ ನಕ್ಷೆಯೂ ಜೊತೆಗಿರಬೇಕು. ಆ ನಕ್ಷೆಗೆ ಮೊದಲು ಕೇಳಬೇಕಾದವರು ಅಘನಾಶಿನಿ, ದಿವಗಿ, ಮಾಸೂರು, ಐಗಳಕುರ್ವೆ ಊರುಗಳಲ್ಲಿ ದಿನವೂ ನೀರಿಗಿಳಿಯುವವರು.