ಗ್ರಾಮೀಣ ಪತ್ತಿನ ಸಂಘಗಳ ಹಳೆಯ ಕಟ್ಟಡಗಳು: ಪಾರಂಪರಿಕ ಮೌಲ್ಯ

ಗದಗ ಸೀಮೆಯ ಪರಂಪರೆ ಎಂದೊಡನೆ ತ್ರಿಕೂಟೇಶ್ವರ ದೇವಾಲಯ, ಲಕ್ಕುಂಡಿಯ ಶಿಲ್ಪ, ಶಿಲಾಶಾಸನಗಳು ನೆನಪಾಗುವುದು ಸಹಜ. ಇದೇ ನೆಲಕ್ಕೆ ಮತ್ತೊಂದು ಹಿರಿಮೆಯೂ ಉಂಟು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. ಕರ್ನಾಟಕದ ಸಹಕಾರ ಚಳವಳಿಯ ಮೂಲನೆಲೆಯೆಂದು ನಾಡು ಈ ಗ್ರಾಮವನ್ನು ಗೌರವಿಸುತ್ತದೆ. ಆ ಮಾದರಿಯನ್ನು ಅನುಸರಿಸಿ ಊರೂರುಗಳಲ್ಲಿ ಎದ್ದ ಸಂಘಗಳ ಹಳೆಯ ಕಟ್ಟಡಗಳನ್ನು ಏಕೆ ಉಳಿಸಬೇಕೆಂಬುದನ್ನು ಇಲ್ಲಿ ನಿರೂಪಿಸುತ್ತಿದ್ದೇವೆ.

ಹಿನ್ನೆಲೆ

1876–78ರ ಭೀಕರ ಕ್ಷಾಮ ಮುಂಬಯಿ ಕರ್ನಾಟಕದ ರೈತನನ್ನು ಕಂಗೆಡಿಸಿತು. ಬಿತ್ತನೆಬೀಜಕ್ಕೂ ಸಾವಕಾರನ ಮನೆಬಾಗಿಲಿಗೆ ಹೋಗಬೇಕಾದ ಸ್ಥಿತಿಯಲ್ಲಿ ಬೆಳೆ ಕೈಕೊಟ್ಟರೆ ಹೊಲವೇ ಕೈಬಿಡುತ್ತಿತ್ತು. ಇದಕ್ಕೆ ಪರಿಹಾರವಾಗಿ ಬಂದುದು 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ. ಒಂದೇ ಊರಿನ ಹತ್ತು ಮಂದಿ ವಯಸ್ಕರು ಕೂಡಿದರೆ ಸಂಘವನ್ನು ನೋಂದಾಯಿಸಬಹುದಿತ್ತು. ಗ್ರಾಮೀಣ ಸಂಘದ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಕೃಷಿಕರೇ ಇರಬೇಕಿತ್ತು. ಸದಸ್ಯರ ಹೊಣೆ ಸಾಮಾನ್ಯವಾಗಿ ಅಪರಿಮಿತವಾಗಿತ್ತು. ಸಂಘದ ಸಾಲ ತೀರದಿದ್ದರೆ ಪ್ರತಿಯೊಬ್ಬನೂ ತನ್ನ ಆಸ್ತಿಯ ಮಟ್ಟಿಗೂ ಬಾಧ್ಯಸ್ಥನಾಗಿದ್ದನು. ಆದಕಾರಣ ನೆರೆಯವನ ನಡತೆಯೇ ಸಾಲಕ್ಕೆ ನಿಜವಾದ ಜಾಮೀನಾಯಿತು.

ಕಟ್ಟಡದ ಮೌಲ್ಯ

ಪತ್ತಿನ ಸಂಘದ ಹಳೆಯ ಮನೆಗೆ ಶಿಲ್ಪವೈಭವ ಇರಲಾರದು. ಒಂದು ಪಡಸಾಲೆ, ಒಂದು ಕೋಣೆ, ಒಂದು ಕಬ್ಬಿಣದ ತಿಜೋರಿ: ಇಷ್ಟೇ ಇದ್ದರೂ ಸಾಕು. ರೈತನು ಸಾಲಗಾರನಾಗಿ ಮಾತ್ರವಲ್ಲದೆ ಒಡೆಯನೂ ಆಗಿ ಹೊಸ್ತಿಲು ದಾಟಿದ ಮೊದಲ ಹಣಕಾಸು ಸಂಸ್ಥೆ ಅದು. ಠರಾವಿಗೆ ಕೈಯೆತ್ತುವುದನ್ನು, ಲೆಕ್ಕ ಕೇಳುವುದನ್ನು ಹಳ್ಳಿಯ ಜನ ಕಲಿತದ್ದು ಆ ಪಡಸಾಲೆಯಲ್ಲಿ. ಕಿರ್ದಿ, ಖತಾವಣಿ, ನಡಾವಳಿ ಪುಸ್ತಕಗಳು ಬರಗಾಲ, ಬೆಳೆ, ಬೆಲೆ, ಸಾಲದ ಉದ್ದೇಶಗಳನ್ನು ವರ್ಷವರ್ಷ ದಾಖಲಿಸಿರುವ ಇತಿಹಾಸದ ಆಕರಗಳು.

ಇತರ ದೇಶಗಳು ಇಂತಹ ಸರಳ ಮನೆಗಳನ್ನು ಜೋಪಾನ ಮಾಡಿವೆ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನ ನೇಕಾರರೂ ಇತರ ಕಸುಬುದಾರರೂ ತೆರೆದ ಪುಟ್ಟ ಅಂಗಡಿ ಇಂದು ವಸ್ತುಸಂಗ್ರಹಾಲಯ. ಗ್ರಾಮೀಣ ಪತ್ತಿನ ಪ್ರವರ್ತಕ ರೈಫೈಸನ್ ವಾಸಿಸಿದ್ದ ಜರ್ಮನಿಯ ಫ್ಲಾಮರ್ಸ್‌ಫೆಲ್ಡ್‌ನ ಮನೆಯೂ ಹಾಗೆಯೇ ಉಳಿದಿದೆ. ಸಹಕಾರ ತತ್ತ್ವ ಮತ್ತು ಆಚರಣೆಯನ್ನು ಯುನೆಸ್ಕೊ 2016ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆಚರಣೆಗೆ ಸಂದ ಮನ್ನಣೆ ಅದಕ್ಕೆ ಆಸರೆಯಾದ ಗೋಡೆಗಳಿಗೂ ಸಲ್ಲಬೇಡವೆ?

ಸಂರಕ್ಷಣೆ

ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯು ನೂರು ವರ್ಷ ತುಂಬಿದ, ಐತಿಹಾಸಿಕ ಮಹತ್ತ್ವವುಳ್ಳ ಕಟ್ಟಡಗಳನ್ನು ಪ್ರಾಚೀನ ಸ್ಮಾರಕದ ವ್ಯಾಖ್ಯೆಯೊಳಗೆ ತರುತ್ತದೆ. 1972ರ ಪುರಾವಸ್ತು ಕಾಯಿದೆಯ ಪ್ರಕಾರ ಐತಿಹಾಸಿಕ ಮೌಲ್ಯದ ಹಸ್ತಪ್ರತಿ, ದಾಖಲೆಗಳಿಗೆ ಎಪ್ಪತ್ತೈದು ವರ್ಷ ಸಾಕು. ಆದರೆ ವಯಸ್ಸು ತುಂಬಿದ ಮಾತ್ರಕ್ಕೆ ರಕ್ಷಣೆ ತಾನಾಗಿ ದೊರೆಯದು. ಸರಕಾರದ ಘೋಷಣೆ ಬೇಕು. ಅಲ್ಲಿಯವರೆಗೆ ಕಟ್ಟಡದ ಅಳಿವು ಉಳಿವು ಸಂಘದ ಸಭೆಯ ಒಂದು ಠರಾವನ್ನೇ ಅವಲಂಬಿಸಿರುತ್ತದೆ.

ಎರೆಮಣ್ಣು ಮಳೆಯಲ್ಲಿ ಉಬ್ಬಿ, ಬೇಸಗೆಯಲ್ಲಿ ಕುಗ್ಗುವುದರಿಂದ ಈ ಸೀಮೆಯ ಹಳೆಯ ಗೋಡೆಗಳು ಬಿರುಕು ಬಿಡುತ್ತವೆ. ಬಿರುಕು ಕಂಡೊಡನೆ ಕೆಡವುವುದು ಉಚಿತವಲ್ಲ. ಬುನಾದಿಯ ಬಳಿ ನೀರು ನಿಲ್ಲದಂತೆ ಮಾಡುವುದು, ಮಾಳಿಗೆ ಸೋರದಂತೆ ನೋಡಿಕೊಳ್ಳುವುದು ಮೊದಲ ಕೆಲಸ. ಮಣ್ಣಿನ ಗಾರೆಯ ಕಲ್ಲುಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಲುಕಿ ಗೋಡೆ ಕೆಡುತ್ತದೆ. ಸುಣ್ಣದ ಗಾರೆಯಾದರೆ ತೇವ ಹೊರಬೀಳುತ್ತದೆ.

ಭಕ್ತಬಾಂಧವರಲ್ಲಿ ಅನೇಕರು ತಮ್ಮ ಊರಿನ ಸಂಘಗಳ ಸದಸ್ಯರೂ ನಿರ್ದೇಶಕರೂ ಆಗಿದ್ದೀರಿ. ಹೊಸ ಕಟ್ಟಡದ ವಿಷಯ ಸಭೆಗೆ ಬಂದಾಗ ಹಳೆಯದನ್ನು ಗ್ರಂಥಾಲಯವಾಗಿಯೋ ದಾಖಲೆಗಳ ಮನೆಯಾಗಿಯೋ ಬಳಸುವ ಸೂಚನೆಯನ್ನು ಮುಂದಿಡಬೇಕೆಂದು ವಿನಂತಿಸುತ್ತೇವೆ. ಹಳೆಯ ಕಿರ್ದಿಗಳನ್ನಂತೂ ರದ್ದಿಗೆ ಹಾಕದಿರಿ. ಅವುಗಳಲ್ಲಿ ನಿಮ್ಮ ಅಜ್ಜನ ಹೆಬ್ಬೆಟ್ಟಿನ ಗುರುತೂ ಇದ್ದೀತು.