ಕುರಿಮಂದೆ ಮತ್ತು ಗುಲಾಬಿ ಈರುಳ್ಳಿ

ದುಬೈಯ ಅಲ್ ಅವೀರ್ ತರಕಾರಿ ಮಾರುಕಟ್ಟೆಯ ಸಗಟು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು. ಹುಟ್ಟಿದ್ದು ಚಿಂತಾಮಣಿ ಕಡೆಯ ಈರುಳ್ಳಿ ಬೆಳೆಗಾರರ ಮನೆಯಲ್ಲಿ. 2004ರಲ್ಲಿ ದೇರಾದ ಹಮ್ರಿಯಾದಿಂದ ಇಲ್ಲಿಗೆ ಬಂದ ಮಾರುಕಟ್ಟೆ ಇದು. ಸಣ್ಣ ಈರುಳ್ಳಿಯ ಮೂಟೆ ಬಿಚ್ಚಿದಾಗಲೆಲ್ಲ ಮೊದಲು ಗೆಡ್ಡೆಯ ಕುತ್ತಿಗೆ ಒತ್ತಿ ನೋಡುತ್ತೇನೆ. ಬೆಳೆಯ ಕೊನೆಗಾಲದಲ್ಲಿ ಯೂರಿಯಾ ಸುರಿದರೆ ಕುತ್ತಿಗೆ ದಪ್ಪವಾಗಿ ಉಳಿಯುತ್ತದೆ, ಸರಿಯಾಗಿ ಒಣಗುವುದಿಲ್ಲ. ಅಂಥ ಸರಕು ಹಡಗಿನ ಪ್ರಯಾಣ ತಾಳದು.

ನಮ್ಮ ಊರ ಕಡೆ ಬೆಳೆಯುವ ಗುಲಾಬಿ ಈರುಳ್ಳಿಯ ಚರಿತ್ರೆಯನ್ನು ಎಲ್ಲರೂ ರಫ್ತಿನಿಂದ ಶುರು ಮಾಡುತ್ತಾರೆ. ನನಗೆ ಅದು ಕುರಿಯಿಂದ ಶುರುವಾಗುತ್ತದೆ. ರಾಗಿ ಕೊಯ್ಲಾದ ಹೊಲದಲ್ಲಿ ಕುರುಬರ ಮಂದೆ ರಾತ್ರಿ ತಂಗುತ್ತಿತ್ತು. ಪ್ರತಿಯಾಗಿ ಅಜ್ಜ ರಾಗಿ ಅಳೆದು ಕೊಡುತ್ತಿದ್ದರು. ಹಿಕ್ಕೆ, ಗಂಜಲ ಎರಡೂ ಬಿದ್ದಲ್ಲೇ ನೆಲಕ್ಕೆ ಸೇರುತ್ತಿದ್ದವು, ಹೊತ್ತು ಹಾಕುವ ಕೂಲಿಯಿಲ್ಲ. ಬೇಸಿಗೆಯಲ್ಲಿ ಬತ್ತಿದ ಕೆರೆಯ ಗೋಡು ಗಾಡಿಯಲ್ಲಿ ಬರುತ್ತಿತ್ತು, ಜೊತೆಗೆ ಹೊಂಗೆ ಹಿಂಡಿ. ಈರುಳ್ಳಿಯ ಬೇರು ಕೆಲವೇ ಕೆಲವು, ಆಳಕ್ಕೂ ಇಳಿಯುವುದಿಲ್ಲ. ಹಾಗಾಗಿ ಮೇಲಿನ ಒಂದು ಅಡಿ ಮಣ್ಣು ಎಷ್ಟು ಸಾರ, ಎಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೋ ಬೆಳೆ ಅಷ್ಟೇ.

ಈ ಬೆಳೆಯಲ್ಲಿ ಗೆಡ್ಡೆ ದೊಡ್ಡದಾದರೆ ನಷ್ಟ. ಮಲೇಷ್ಯಾ, ಸಿಂಗಪುರ, ಇಂಡೋನೇಷ್ಯಾದ ಖರೀದಿದಾರರು ಕೇಳುವುದು ಸಣ್ಣ, ಚಪ್ಪಟೆ, ಕಡುಗುಲಾಬಿ ಗೆಡ್ಡೆ: ಅಡ್ಡಳತೆ ಎರಡೂವರೆಯಿಂದ ಮೂರೂವರೆ ಸೆಂಟಿಮೀಟರ್. ಸಸಿಗಳನ್ನು ಒತ್ತೊತ್ತಾಗಿ ನೆಟ್ಟು ಎಣಿಕೆಯಲ್ಲೇ ತೂಕ ಗಳಿಸಬೇಕು. ತಮಿಳುನಾಡಿನ ಸಾಂಬಾರ್ ಈರುಳ್ಳಿಯನ್ನು ಹೆಚ್ಚಾಗಿ ಗೆಡ್ಡೆಯಿಂದಲೇ ನೆಡುತ್ತಾರೆ. ನಮ್ಮದು ಬೀಜದ ಬೆಳೆ. ಜೇನುನೊಣ ಪರಾಗ ಹೊತ್ತೊಯ್ಯುವುದರಿಂದ ಹತ್ತಿರದಲ್ಲಿ ದಪ್ಪ ಈರುಳ್ಳಿ ಹೂಬಿಟ್ಟರೆ ತಳಿ ಕೆಡುತ್ತದೆ. ಬೀಜಕ್ಕೆಂದು ಅಜ್ಜಿ ತೆಳುಕುತ್ತಿಗೆಯ ಗೆಡ್ಡೆಗಳನ್ನೇ ಆರಿಸಿ ಬೇರೆ ಇಡುತ್ತಿದ್ದಳು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರಫ್ತಿಗೆಂದು ಅರ್ಕಾ ಬಿಂದು ತಳಿ ಕೊಟ್ಟಿತು, 2015ರಲ್ಲಿ ಗುಲಾಬಿ ಈರುಳ್ಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಆದರೆ ಆ ಹೆಸರು ಉಳಿಯಲು ಬೇಕಾದ ತಳಿಶುದ್ಧಿಯನ್ನು ಅಷ್ಟು ವರ್ಷ ಕಾಪಾಡಿದ್ದು ಇಂಥ ಹೆಂಗಸರ ಕೈ ಎಂದು ನಾನು ನಂಬಿದ್ದೇನೆ.

ನಾನೀಗ ಇರುವ ಯುಎಇಯ ಹಳೆಯ ಕೃಷಿಯೂ ಗೊಬ್ಬರದ ಮೇಲೆಯೇ ನಿಂತಿತ್ತು. ಅಲ್ ಐನ್‌ನ ಓಯಸಿಸ್‌ಗಳಲ್ಲಿ ಫಲಜ್ ಕಾಲುವೆಯ ನೀರು, ಖರ್ಜೂರದ ನೆರಳು. ತೋಟಗಳಿಗೆ ಆಡಿನ ಹಿಕ್ಕೆ ಹಾಕುತ್ತಿದ್ದರು. ಕರಾವಳಿಯಲ್ಲಿ ಒಣಗಿಸಿದ ಸಣ್ಣ ಮೀನೂ ಮರದ ಬುಡ ಸೇರುತ್ತಿತ್ತು. ಮಂಗಳೂರಿನವರು ತೆಂಗಿಗೆ ಬೂತಾಯಿ ಹಾಕುತ್ತಿದ್ದ ಹಾಗೆಯೇ. 1955ರಲ್ಲಿ ರಾಸ್ ಅಲ್ ಖೈಮಾದ ದಿಗ್ದಾಗದಲ್ಲಿ ಕೃಷಿ ಪ್ರಯೋಗ ಕೇಂದ್ರ ತೆರೆದ ಮೇಲೆ ಹೊಸ ತರಕಾರಿಗಳು ಬಂದವು. ಈರುಳ್ಳಿಗೆ ಇಲ್ಲಿ ದೊಡ್ಡ ಶತ್ರು ಉಪ್ಪು: ಮಣ್ಣಿನ ಲವಣಾಂಶ ಮೀಟರಿಗೆ 1.2 ಡೆಸಿಸೀಮನ್ಸ್ ದಾಟಿತೆಂದರೆ ಇಳುವರಿ ಕುಸಿಯತೊಡಗುತ್ತದೆ. ಕಾಂಪೋಸ್ಟ್ ಮರಳಿಗೆ ನೀರು ಹಿಡಿಯುವುದನ್ನು ಕಲಿಸುತ್ತದೆ, ಉಪ್ಪನ್ನು ಮಾತ್ರ ತೆಗೆಯಲಾರದು. ಆದ್ದರಿಂದ ಈರುಳ್ಳಿ ಹೆಚ್ಚಾಗಿ ಹೊರಗಿನಿಂದಲೇ ಬರಬೇಕು.

ಅದು ಬರುವ ದಾರಿ ದೆಹಲಿಯ ಒಂದು ಆದೇಶದಿಂದ ಮುಚ್ಚಿಹೋಗಬಹುದು. 2023ರ ಡಿಸೆಂಬರ್‌ನಲ್ಲಿ ಈರುಳ್ಳಿ ರಫ್ತು ನಿಂತಿತು. 2024ರ ಮಾರ್ಚ್‌ನಲ್ಲಿ ಯುಎಇಗೆ 14,400 ಟನ್‌ಗೆ ಅನುಮತಿ ಸಿಕ್ಕಿತು, ಮೂರು ತಿಂಗಳಿಗೆ 3,600 ಟನ್ ಮಿತಿಯಲ್ಲಿ. ದಪ್ಪ ಈರುಳ್ಳಿಯನ್ನು ಊರಿನ ಸಂತೆಯಾದರೂ ಕೊಳ್ಳುತ್ತದೆ. ಗುಲಾಬಿ ಈರುಳ್ಳಿಯನ್ನು ನಮ್ಮ ಅಡುಗೆಮನೆಗಳು ಹೆಚ್ಚು ಬಳಸುವುದಿಲ್ಲ, ಅದು ಹಡಗನ್ನೇ ನಂಬಿದ ಬೆಳೆ. ಬೆಲೆಯೇರಿಕೆಗೆ ಕಾರಣವಾಗದ ಈ ಗೆಡ್ಡೆಯನ್ನೂ ದಪ್ಪ ಈರುಳ್ಳಿಯ ಜೊತೆ ಕಟ್ಟಿಹಾಕಿದ್ದು ಅನ್ಯಾಯ.

ಊರಲ್ಲಿ ಈಗ ಮಂದೆ ಕಡಿಮೆ, ಮೇಯುವ ಬಯಲು ಲೇಔಟುಗಳಾಗಿವೆ. ರೈತರು ಕೋಳಿ ಗೊಬ್ಬರ ತರಿಸುತ್ತಾರೆ. ಅದು ಕಾವಿನ ಗೊಬ್ಬರ, ಚೆನ್ನಾಗಿ ಕಳಿಯದೆ ಹಾಕಿದರೆ ಎಳೆ ಬೇರು ಸುಡುತ್ತದೆ. ನನ್ನ ತಮ್ಮ ಮುಂದಿನ ಬೇಸಿಗೆಗೆ ಪಾವಗಡದ ಕುರಿಗಾಹಿಗಳ ಹತ್ತಿರ ಮಾತಾಡಿಕೊಂಡು ಬಂದಿದ್ದಾನೆ. ಮಂದೆಯ ದುಡ್ಡು ನಾನು ಇಲ್ಲಿಂದ ಕಳಿಸುತ್ತೇನೆ.